ಅಮಾವಾಸ್ಯೆಗೆ ಅಘನಾಶಿನಿ, ಅಷ್ಟಮಿಗೆ ಕಾರವಾರ: ಚಳಿಗಾಲದ ಹಕ್ಕಿ ಹಿಂಡಿನ ಫೋಟೊಗೆ ಎಲ್ಲಿಗೆ ಹೋಗುವುದು?

ಪ್ರತಿ ವರ್ಷ ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ನನ್ನ ಫೋನಿಗೂ ಕರೆಗಳು ಶುರುವಾಗುತ್ತವೆ. "ಹುಬ್ಬಳ್ಳಿಯಿಂದ ಬರುತ್ತೇವೆ, ಒಂದೇ ಭಾನುವಾರ ಸಿಗುತ್ತದೆ. ಅತ್ತಿವೇರಿಗೋ, ಕಾರವಾರಕ್ಕೋ?" "ಸಿರ್ಸಿಯಲ್ಲೇ ಇದ್ದೇವೆ, ಮುಂಡಿಗೆಕೆರೆ ಹತ್ತಿರ ಅಲ್ವಾ, ಅದೇ ಸಾಕಾ?" "ಲೆನ್ಸಿಗೆ ಅಂತ ದುಡ್ಡು ಕೂಡಿಟ್ಟಿದ್ದೇನೆ. ಲೆನ್ಸ್ ಕೊಳ್ಳಲೋ, ಅದೇ ದುಡ್ಡಲ್ಲಿ ನಾಲ್ಕು ಕಡೆ ತಿರುಗಲೋ?" ಎಲ್ಲರಿಗೂ ಬೇಕಾಗಿರುವುದು ಒಂದೇ ಚಿತ್ರ. ಚೌಕಟ್ಟಿನ ತುಂಬ ರೆಕ್ಕೆ, ಸಾಧ್ಯವಾದರೆ ಹಿಂದೆ ಒಂದಿಷ್ಟು ಸಮುದ್ರ.

ಹೋಲಿಕೆಗೆ ಕೂರುವ ಮುಂಚೆ ಒಂದು ಹೆಸರನ್ನು ಪಟ್ಟಿಯಿಂದ ತೆಗೆದುಬಿಡೋಣ. ಸೋಂದಾದ ಮುಂಡಿಗೆಕೆರೆ ಚೆಂದದ ಜಾಗ, ಸಿರ್ಸಿಯಿಂದ ಬೈಕಿನಲ್ಲಿ ಅರ್ಧ ಗಂಟೆ. ಆದರೆ ಅದು ಮಳೆಗಾಲದ ಕೆರೆ. ಮುಂಗಾರು ಹಿಡಿಯುವಾಗ ಬೆಳ್ಳಕ್ಕಿಗಳು ಬಂದು ಮುಂಡಿಗೆ ಪೊದೆಗಳ ಮೇಲೆ ಗೂಡು ಕಟ್ಟುತ್ತವೆ. ಮಳೆ ಮುಗಿದು ಮರಿಗಳು ಬಲಿತ ಮೇಲೆ ಜಾಗ ಖಾಲಿ ಮಾಡುತ್ತವೆ. ಗೊತ್ತಿದ್ದೂ ಒಂದು ಜನವರಿಯಲ್ಲಿ ಬೆಂಗಳೂರಿನ ಭಾವನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ, ಹತ್ತಿರ ಎಂಬ ಒಂದೇ ಆಸೆಗೆ. ಭಾವ ಕೆರೆಯನ್ನು ಒಮ್ಮೆ ನೋಡಿ, ನನ್ನ ಮುಖ ಒಮ್ಮೆ ನೋಡಿ, "ಹಕ್ಕಿ ಎಲ್ಲಿ ಭಾವಾ?" ಎಂದು ಮಾತ್ರ ಕೇಳಿದ. ಸೊರಬದ ಕಡೆಯ ಗುಡವಿಯಲ್ಲೂ ದೊಡ್ಡ ಜಾತ್ರೆ ಇರುವುದು ಮಳೆಗಾಲದಲ್ಲೇ. ಎರಡನ್ನೂ ಜುಲೈಗೆ ಇಟ್ಟುಕೊಳ್ಳಿ.

ಎಷ್ಟು ಹಕ್ಕಿ ಎನ್ನುವುದು ನಾಲ್ಕನೇ ಪ್ರಶ್ನೆ

ಜಾಗ ಆರಿಸುವಾಗ ಹೆಚ್ಚಿನವರು ಮೊದಲು ಕೇಳುವುದು ಅಲ್ಲಿ ಎಷ್ಟು ಹಕ್ಕಿ ಇವೆ ಎಂದು. ನಾನು ಅದಕ್ಕಿಂತ ಮುಂಚೆ ಮೂರು ವಿಷಯ ನೋಡುತ್ತೇನೆ.

ಮೊದಲನೆಯದು, ಹಿಂಡನ್ನು ಎಬ್ಬಿಸುವವರು ಯಾರು? ಕುಳಿತ ಹಿಂಡು ದೂರದಿಂದ ಸುಣ್ಣ ಚೆಲ್ಲಿದ ಹಾಗೆ ಕಾಣುತ್ತದೆ, ಅಷ್ಟೆ. ಅದು ಹಾರಿದರೇ ಚಿತ್ರ. ಹಾಗಂತ ನೀವು ಓಡಿಹೋಗಿ ಎಬ್ಬಿಸುವಂತಿಲ್ಲ. ಟಿಬೆಟ್ಟಿನಿಂದಲೋ ಸೈಬೀರಿಯಾದಿಂದಲೋ ಹಾರಿ ಬಂದ ಹಕ್ಕಿಗೆ ತಿನ್ನಲು ಸಿಗುವುದೇ ಇಳಿತದ, ಅಂದರೆ ಸಮುದ್ರದ ನೀರು ಕೆಳಗಿಳಿದ, ಕೆಲವು ಗಂಟೆ. ಅದರಲ್ಲಿ ಹತ್ತು ಸಲ ನಿಮಗಾಗಿ ಏಳಬೇಕೆಂದರೆ ಅದರ ಹೊಟ್ಟೆಯ ಗತಿ ಏನು? ಇನ್ನು ಓಡಿಸಿ ತೆಗೆದ ಚಿತ್ರದಲ್ಲಿ ಸಿಗುವುದು ಬರೀ ಬಾಲ. ಅಂದಮೇಲೆ ಹಿಂಡು ತಾನಾಗಿ ಏಳುವ ಜಾಗ ಬೇಕು. ಅದನ್ನು ಏಳಿಸುವುದು ಏರುವ ನೀರಾಗಿರಬಹುದು, ಮೀನಿನ ಬಲೆಯಾಗಿರಬಹುದು, ಸಂಜೆ ಗೂಡಿಗೆ ಮರಳುವ ಹೊತ್ತಾಗಿರಬಹುದು. ಯಾವುದೇ ಆದರೂ ಅದಕ್ಕೊಂದು ವೇಳಾಪಟ್ಟಿ ಇರುತ್ತದೆ.

ಎರಡನೆಯದು, ಬಿಸಿಲು ಮತ್ತು ಗಾಳಿ. ಇವೆರಡನ್ನೂ ಒಟ್ಟಿಗೆ ಹೇಳಲು ಕಾರಣವಿದೆ. ಹಕ್ಕಿ ಏಳುವುದೂ ಇಳಿಯುವುದೂ ಗಾಳಿಗೆ ಮುಖ ಕೊಟ್ಟು. ನಮ್ಮ ಕರಾವಳಿಯಲ್ಲಿ ಚಳಿಗಾಲದ ಬೆಳಿಗ್ಗೆ ಗಾಳಿ ಘಟ್ಟದ ಕಡೆಯಿಂದ ಸಮುದ್ರಕ್ಕೆ ಬೀಸುತ್ತದೆ, ಮಧ್ಯಾಹ್ನದ ಮೇಲೆ ಸಮುದ್ರದಿಂದ ಒಳಕ್ಕೆ. ಬೆಳಿಗ್ಗೆ ಎಂಟಕ್ಕೆ ದಂಡೆಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ನಿಂತರೆ ಸೂರ್ಯ ನಿಮ್ಮ ಬೆನ್ನಿಗೆ, ಗಾಳಿಯೂ ಬೆನ್ನಿಗೆ, ಹಕ್ಕಿಯ ಮುಖ ನಿಮ್ಮ ಕಡೆಗೆ. ಸಂಜೆ ನಾಲ್ಕಕ್ಕೆ ಅದೇ ಜಾಗದಲ್ಲಿ ನಿಂತರೆ ಕಣ್ಣಿಗೆ ಬಿಸಿಲು, ಕ್ಯಾಮೆರಾಕ್ಕೆ ಬಾಲ. ಸಂಜೆ ಸಿಗುವುದು ಕಪ್ಪು ನೆರಳಿನ ಚಿತ್ರ. ಅದೂ ಚೆಂದವೇ, ಆದರೆ ಹತ್ತು ತೆಗೆದ ಮೇಲೆ ಎಲ್ಲವೂ ಒಂದೇ ಥರ ಕಾಣತೊಡಗುತ್ತವೆ.

ಮೂರನೆಯದು ಹಿನ್ನೆಲೆ. ಬಿಳಿ ಹಕ್ಕಿಗೆ ಬಿಳಿಚಿದ ಆಕಾಶ ಕೂಡುವುದಿಲ್ಲ. ಕಪ್ಪು ಗುಡ್ಡ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ನೀಲಿ ನೀರು, ಬಣ್ಣದ ದೋಣಿ, ಇವುಗಳಲ್ಲಿ ಒಂದಾದರೂ ಬೇಕು.

ಇಷ್ಟಾದ ಮೇಲೆ ಸಂಖ್ಯೆ. ಕೊನೆಗೆ ದುಡ್ಡು, ಕಾಲಿನ ಶಕ್ತಿ ಮತ್ತು ಜೊತೆಗೆ ಬರುವವರ ತಾಳ್ಮೆ. ಮನೆಯವರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗುವವರು ಈ ಕೊನೆಯದನ್ನೇ ಮೇಲಕ್ಕೆ ತಂದರೆ ಒಳ್ಳೆಯದು.

ಅಘನಾಶಿನಿ ಅಳಿವೆ: ಪಂಚಾಂಗ ಹಿಡಿದು ಹೋಗುವ ಜಾಗ

ನನ್ನನ್ನು ಕೇಳಿದರೆ ಹಿಂಡಿನ ಹಾರಾಟಕ್ಕೆ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದೇ ಮೊದಲು. ಒಂದೂ ಅಣೆಕಟ್ಟಿಲ್ಲದ ಹೊಳೆ ಕುಮಟಾ ತಾಲೂಕಿನಲ್ಲಿ ಹರಡಿಕೊಂಡು, ತದಡಿಗೂ ಅಘನಾಶಿನಿ ಊರಿಗೂ ನಡುವೆ ಸಮುದ್ರ ಸೇರುತ್ತದೆ. 2024ರಲ್ಲಿ 4,801 ಹೆಕ್ಟೇರ್ ಅಳಿವೆಗೆ ರಾಮ್ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ ಎಂಬ ಮಾನ್ಯತೆ, ಸಿಕ್ಕಿತು. ಆದರೆ ಹಕ್ಕಿಗೆ ಪಟ್ಟ ಯಾಕೆ? ಅದಕ್ಕೆ ಬೇಕಾದ್ದು ಕೆಸರು. ಇಳಿತದಲ್ಲಿ ಹುಳು, ಏಡಿ, ಚಿಪ್ಪು ತುಂಬಿದ ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಬಳಚು (ತಿನ್ನುವ ಚಿಪ್ಪುಜೀವಿ) ಆಯುವ ಹೆಂಗಸರೂ ಹಕ್ಕಿಗಳೂ ಒಟ್ಟಿಗೇ ಇಳಿಯುತ್ತಾರೆ.

ಇಲ್ಲಿ ಬರುವವು ಹೆಚ್ಚಾಗಿ ಸಣ್ಣ ಗೊರವಗಳು (ಸ್ಯಾಂಡ್‌ಪೈಪರ್), ಪ್ಲೋವರ್‌ಗಳು, ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ, ರೀವ (ಟರ್ನ್), ಗಲ್ ಎಂಬ ಕಡಲ ಹಕ್ಕಿಗಳು. ಸಣ್ಣ ಗೊರವಗಳ ಹಿಂಡು ಹಾರುವಾಗ ಒಂದು ತಮಾಷೆ ನೋಡಬೇಕು. ಇಡೀ ಹಿಂಡು ಒಮ್ಮೆಲೇ ತಿರುಗುತ್ತದೆ. ಒಂದು ಕ್ಷಣ ಕಂದು ಬೆನ್ನು ಕಂಡು ಕೆಸರಿನಲ್ಲಿ ಕರಗಿ ಹೋದಂತೆ, ಮರುಕ್ಷಣ ಬಿಳಿ ಹೊಟ್ಟೆ ಕಂಡು ಮಿಂಚಿದಂತೆ. ಬಟನ್ ಒತ್ತಿ ಹಿಡಿದುಕೊಂಡೇ ಇರಿ. ಇಪ್ಪತ್ತರಲ್ಲಿ ಒಂದು ಆ ಮಿಂಚಿನದಾಗಿರುತ್ತದೆ.

ಇನ್ನು ವೇಳೆಯ ವಿಷಯ. ಇಲ್ಲೇ ಹೆಚ್ಚಿನವರು ಸೋಲುವುದು. ನಾನೂ ಮೊದಲ ಮೂರು ಸಲ ಸೋತೆ. ಪೂರ್ತಿ ಇಳಿತದಲ್ಲಿ ಹೋದರೆ ಹಕ್ಕಿಗಳು ಬಯಲಿನ ಉದ್ದಗಲಕ್ಕೂ ಚದುರಿ, ಎಳ್ಳು ಚೆಲ್ಲಿದ ಹಾಗೆ ಕಾಣುತ್ತವೆ. ಪೂರ್ತಿ ಭರತದಲ್ಲಿ ಹೋದರೆ ಬಯಲೇ ಇಲ್ಲ, ಬರೀ ನೀರು. ಬೇಕಾದ್ದು ನೀರು ಏರುವ ಹೊತ್ತು. ಏರುವ ನೀರು ಹಕ್ಕಿಗಳನ್ನು ಇಂಚಿಂಚು ದಂಡೆಯ ಕಡೆ ದೂಡುತ್ತದೆ. ಜಾಗ ಕಿರಿದಾದಂತೆ ಹಿಂಡು ಗಟ್ಟಿಯಾಗುತ್ತದೆ. ಕೊನೆಗೆ ಕಾಲು ಮುಳುಗಿದಾಗ ಎದ್ದು ಇನ್ನೊಂದು ದಿಬ್ಬಕ್ಕೆ ಹಾರುತ್ತದೆ, ಅದೂ ಮುಳುಗಿದಾಗ ಮತ್ತೊಂದಕ್ಕೆ. ನೀವು ಒಂದು ಕಡೆ ಅಲ್ಲಾಡದೆ ಕುಳಿತರೆ ಸಾಕು.

ಅದು ಬೆಳಗಿನ ಬಿಸಿಲಿಗೇ ಕೂಡಿ ಬರಬೇಕಲ್ಲ. ಅದಕ್ಕೆ ಪಂಚಾಂಗ. ನಮ್ಮ ಈ ಭಾಗದಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ದಿನ ಭರತ ತುಂಬುವುದು ಹೆಚ್ಚುಕಮ್ಮಿ ನಡುಹಗಲಿಗೆ ಮುಂಚೆ. ಅಂದರೆ ಬೆಳಗಿನ ಜಾವ ಇಳಿತ, ಏಳರಿಂದ ಹತ್ತರವರೆಗೆ ನೀರು ಏರುತ್ತಿರುತ್ತದೆ. ಆ ದಿನಗಳಲ್ಲಿ ಏರಿಳಿತವೂ ಜಾಸ್ತಿ, ಹಾಗಾಗಿ ಹಿಂಡು ಚೆನ್ನಾಗಿ ಒತ್ತರಿಸಿ ಬರುತ್ತದೆ. ದಿನಕ್ಕೆ ಸುಮಾರು 50 ನಿಮಿಷದಂತೆ ಈ ಸಮಯ ಮುಂದಕ್ಕೆ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಎಲ್ಲ ತಿರುಗುಮುರುಗು: ಬೆಳಿಗ್ಗೆಯೇ ಭರತ, ನಡುಹಗಲಿಗೆ ಇಳಿತ, ಏರಿಳಿತವೂ ಮಂದ. ಅಮಾವಾಸ್ಯೆಯ ದಿನದಿಂದ ಮೂರು ದಿನ, ಹುಣ್ಣಿಮೆಯ ದಿನದಿಂದ ಮೂರು ದಿನ, ಇಷ್ಟೇ ನನ್ನ ಅಘನಾಶಿನಿಯ ಕ್ಯಾಲೆಂಡರ್. ನಿಖರ ಸಮಯಕ್ಕೆ ಮೊಬೈಲಿನಲ್ಲಿ ಭರತ-ಇಳಿತದ ಆಪ್ ಇದೆ, ಆದರೆ ಅಳಿವೆಯ ಒಳಗೆ ನೀರು ಮುಟ್ಟುವುದು ಬಾಯಿಗಿಂತ ತುಸು ತಡ. ಬಳಚು ಆಯುವ ಅಮ್ಮನ ಹತ್ತಿರ ಒಂದು ಸಲ ನನ್ನ ಆಪ್ ತೋರಿಸಿದೆ. "ಅದೆಲ್ಲ ಬ್ಯಾಡ ತಮಾ, ನಾ ಬುಟ್ಟಿ ಎತ್ತಿದ್ರೆ ನೀ ಕ್ಯಾಮೆರಾ ಎತ್ತು" ಎಂದರು. ಇವತ್ತಿಗೂ ಅದೇ ನನ್ನ ಗಡಿಯಾರ.

ನಿಲ್ಲುವ ಜಾಗ ಆರಿಸುವಾಗ ಬಿಸಿಲು ನೆನಪಿರಲಿ. ಬೆಳಿಗ್ಗೆ ತದಡಿಯ ದಕ್ಕೆಯಲ್ಲಿ ನಿಂತು ಹೊಳೆಯ ಒಳಮುಖ ನೋಡಿದರೆ ಸೂರ್ಯ ನೇರ ಕಣ್ಣಿಗೆ. ಮಿರ್ಜಾನ್, ದಿವಗಿ ಕಡೆಯಿಂದ ಪಶ್ಚಿಮಕ್ಕೆ ನೋಡುವಂತೆ ನಿಲ್ಲುವುದು ಮೇಲು. ಹೆದ್ದಾರಿಯ ಸೇತುವೆ ಮೇಲೆ ಗಾಡಿ ನಿಲ್ಲಿಸಿ ತೆಗೆಯುವ ಆಸೆ ಮಾತ್ರ ಬೇಡ.

ಕಷ್ಟಗಳನ್ನೂ ಹೇಳಬೇಕು. ಕೆಸರು ನಂಬುವ ಹಾಗಿಲ್ಲ, ಮೊಣಕಾಲಿನವರೆಗೆ ಹೂತುಹೋಗುತ್ತದೆ. ಚಿಪ್ಪಿನ ಅಂಚು ಬ್ಲೇಡಿನ ಥರ ಕೊಯ್ಯುತ್ತದೆ, ಚಪ್ಪಲಿ ಒಳಗೇ ಉಳಿಯುತ್ತದೆ. ದಂಡೆ ಬಿಟ್ಟು ಇಳಿಯಬೇಡಿ. ದೋಣಿ ಮಾಡಿಕೊಂಡರೆ ಹಕ್ಕಿ ಹತ್ತಿರವಾಗುತ್ತದೆ ನಿಜ, ಆದರೆ ದೋಣಿಯೇ ಹಿಂಡನ್ನು ಎಬ್ಬಿಸಿಬಿಡುತ್ತದೆ. ಬಾಡಿಗೆ ಕೊಟ್ಟು ಬಾಲ ತೆಗೆದ ಹಾಗಾಗುತ್ತದೆ. ನಾಲ್ಕೈದು ಜನ ಸೇರಿ, ಏರುವ ನೀರಿಗೆ ಮುಂಚೆಯೇ ಹೋಗಿ ಒಂದು ಕಡೆ ಲಂಗರು ಹಾಕಿ ಕೂರುವುದಾದರೆ ಮಾತ್ರ ದೋಣಿ ಸಾರ್ಥಕ.

ಸಿರ್ಸಿಯಿಂದ ದೇವಿಮನೆ ಘಾಟಿಯಲ್ಲಿ ಇಳಿದರೆ ಕುಮಟಾ ಸುಮಾರು 60 ಕಿಲೋಮೀಟರ್. ಆ ರಸ್ತೆಯ ಕೆಲಸದ ಕಥೆ ನಮ್ಮವರಿಗೆ ಹೇಳಬೇಕಾಗಿಲ್ಲ, ಹೊರಗಿನವರು ರಸ್ತೆ ತೆರೆದಿದೆಯಾ ಎಂದು ವಿಚಾರಿಸಿಕೊಂಡು ಹೊರಡಿ. ಗಾಡಿ ಇಲ್ಲದವರಿಗೆ ಕೊಂಕಣ ರೈಲಿದೆ. ಕುಮಟಾದಲ್ಲಿ ರಾತ್ರಿ ಉಳಿದು ಬೆಳಿಗ್ಗೆ ರಿಕ್ಷಾ ಹಿಡಿದರೆ ಖರ್ಚು ಕೈಗೆಟುಕುತ್ತದೆ.

ಇದರ ಪಕ್ಕದಲ್ಲೇ ಇನ್ನೊಂದು ಜಾಗ ಸಾಣಿಕಟ್ಟಾದ ಉಪ್ಪಿನ ಆಗರ. ಕೆಸರಿನ ಬಯಲು ಮುಳುಗಿದಾಗ ಗೊರವಗಳು ಇಂಥ ಆಳವಿಲ್ಲದ ಪಾತಿಗಳಿಗೆ ಬಂದು ಕೂರುವುದುಂಟು. ಹಾಗಾಗಿ ಹತ್ತು ಗಂಟೆಗೆ ಅಳಿವೆ ತುಂಬಿದ ಮೇಲೆ ಮನೆಗೆ ಹೊರಡುವ ಬದಲು ಇತ್ತ ಬನ್ನಿ. ಕೆಲಸ ಮಾಡುವವರ ಅಪ್ಪಣೆ ಕೇಳಿ, ಕಟ್ಟೆಯ ಮೇಲಷ್ಟೇ ನಡೆಯಿರಿ. ಹಿಂಡು ಚಿಕ್ಕದು, ಆದರೆ ಗಾಳಿಯಿಲ್ಲದ ದಿನ ಪ್ರತಿಬಿಂಬ ಸಿಗುತ್ತದೆ. ಮಂಡಿ ನೋವಿನವರಿಗೆ ನಾನು ಅಳಿವೆಗಿಂತ ಇದನ್ನೇ ಹೇಳುತ್ತೇನೆ.

ಕಾರವಾರ: ಬಲೆ ಎಳೆಯುವವರ ಹಿಂದೆ

ಅಘನಾಶಿನಿ ನೀರಿನ ಲೆಕ್ಕದಲ್ಲಿ ನಡೆದರೆ ಕಾರವಾರ ಮೀನಿನ ಲೆಕ್ಕದಲ್ಲಿ ನಡೆಯುತ್ತದೆ. ಟಾಗೋರ್ ಕಡಲತೀರದಿಂದ ಕೋಡಿಬಾಗದವರೆಗೆ, ಕಾಳಿ ಸಮುದ್ರ ಸೇರುವ ಕಡೆ, ಆಚೆ ದಡದ ದೇವಬಾಗದಲ್ಲಿ ಚಳಿಗಾಲವಿಡೀ ಗಲ್‌ಗಳು, ರೀವಗಳು ಇರುತ್ತವೆ. ಕಂದು ತಲೆಯ ಗಲ್ ಬರುವುದು ಲಡಾಖ್, ಟಿಬೆಟ್ ಕಡೆಯ ಎತ್ತರದ ಸರೋವರಗಳಿಂದ. ಹೆಸರು ಕಂದು ತಲೆ ಎಂದಿದ್ದರೂ ಡಿಸೆಂಬರಿನಲ್ಲಿ ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಅಷ್ಟೆ. ಫೋಟೊ ತೋರಿಸಿದಾಗ "ಇದು ಕಂದು ಎಲ್ಲಿದೆ?" ಎಂದು ಕೇಳುವವರು ಇದ್ದೇ ಇರುತ್ತಾರೆ. ಕಂದು ತಲೆಯೇ ಬೇಕಿದ್ದರೆ ಅವು ಹೊರಡುವ ಮುಂಚೆ, ಮಾರ್ಚಿನಲ್ಲಿ ಬನ್ನಿ. ಆಗ ಸಂಖ್ಯೆ ಕಡಿಮೆ, ಬಣ್ಣ ಜಾಸ್ತಿ.

ಇಲ್ಲಿ ಹಿಂಡನ್ನು ಎಬ್ಬಿಸುವುದು ರಂಪಣಿ. ದೋಣಿ ಬಲೆ ಬಿಟ್ಟು ಸುತ್ತು ಹಾಕಿದ ಮೇಲೆ ದಂಡೆಯಲ್ಲಿ ಎರಡು ಸಾಲು ಜನ ಹಗ್ಗ ಹಿಡಿದು ಎಳೆಯುತ್ತಾರೆ. ಚಿಕ್ಕದಾದರೆ ಏಂಡಿ ಬಲೆ. ಬಲೆ ದಂಡೆಗೆ ಹತ್ತಿರವಾದಂತೆ ಮೇಲೆ ಗಲ್, ರೀವ, ಗರುಡ ಎಲ್ಲ ಸೇರಿ ಗದ್ದಲ. ತಾರ್ಲೆಯೋ ಬಂಗಡೆಯೋ ಬೆಳ್ಳಗೆ ಮಿನುಗಿದ ಕ್ಷಣ ಹಿಂಡು ಕೆಳಗೆ ಬೀಳುತ್ತದೆ. ಜನ, ಹಗ್ಗ, ದೋಣಿ, ಹಕ್ಕಿ ಒಂದೇ ಚೌಕಟ್ಟಿನಲ್ಲಿ ಸಿಗುವ ಚಿತ್ರ ಇದು. ಅಘನಾಶಿನಿಯಲ್ಲಿ ಇದು ಸಿಗುವುದಿಲ್ಲ. ಉದ್ದದ ಲೆನ್ಸ್ ಕೂಡ ಬೇಡ. 70-200 ಎಂಎಂ ಧಾರಾಳ ಆಯಿತು, ಕೆಲವು ಸಲ ಮೊಬೈಲೂ ಸಾಕು.

ಆದರೆ ಬಲೆ ಯಾವತ್ತು ಬೀಳುತ್ತದೆ ಎನ್ನುವುದಕ್ಕೆ ಪಂಚಾಂಗ ಇಲ್ಲ. ಮೀನು ಕಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ನಾನು ಎರಡು ದಿನ ಸುಮ್ನೆ ಕೂತು, ಮೂರನೇ ದಿನ ಹೊರಟ ಮೇಲೆ ಬಲೆ ಬಿದ್ದದ್ದೂ ಇದೆ. ಕಾರವಾರಕ್ಕೆ ಹೋಗುವವರು ಎರಡು ಬೆಳಿಗ್ಗೆ ಕೈಯಲ್ಲಿಟ್ಟುಕೊಳ್ಳಿ. ಬಲೆ ಇಲ್ಲದ ದಿನ ಬೈತಖೋಲ ಬಂದರಿನ ಕಡೆ ದೋಣಿಗಳು ವಾಪಸಾಗುವ ಹೊತ್ತು ನೋಡಿ, ಗಲ್‌ಗಳು ಬೆನ್ನು ಹತ್ತಿ ಬರುತ್ತವೆ. ಬಲೆ ಎಳೆಯುವವರ ಹತ್ತಿರ ಮೊದಲು ಮಾತಾಡಿ, ಆಮೇಲೆ ಕ್ಯಾಮೆರಾ ತೆಗೆಯಿರಿ. ಒಂದು ಸಲ ಹಗ್ಗಕ್ಕೆ ಕೈ ಕೊಟ್ಟು ನೋಡಿ, ಮರುದಿನ ಅವರೇ ಕರೆದು ಎಲ್ಲಿ ನಿಲ್ಲಬೇಕೆಂದು ಹೇಳುತ್ತಾರೆ.

ಹಿನ್ನೆಲೆಯ ವಿಷಯದಲ್ಲಿ ಕಾರವಾರಕ್ಕೆ ಸಮ ಇಲ್ಲ. ಸದಾಶಿವಗಡದ ಗುಡ್ಡ, ದೂರದ ಕೂರ್ಮಗಡ ದ್ವೀಪ, ಬೆಳಗಿನ ಮಬ್ಬು. ಕಪ್ಪು ಗುಡ್ಡದ ಮುಂದೆ ಬಿಳಿ ಹಿಂಡು ಹಾರುವಾಗ ಕ್ಯಾಮೆರಾ ಮೋಸ ಹೋಗುತ್ತದೆ. ಚೌಕಟ್ಟಿನ ತುಂಬ ಕಪ್ಪು ಕಂಡು ಬೆಳಕು ಏರಿಸಿ, ಹಕ್ಕಿಯನ್ನು ಸುಣ್ಣದ ಉಂಡೆ ಮಾಡುತ್ತದೆ. ಎಕ್ಸ್‌ಪೋಶರ್ ಮುಕ್ಕಾಲು ಸ್ಟಾಪ್ ಇಳಿಸಿ. ಬಿಳಿ ಆಕಾಶದ ಮುಂದಾದರೆ ಒಂದು ಸ್ಟಾಪ್ ಏರಿಸಿ. ಈ ಒಂದು ಗಾಲಿ ತಿರುಗಿಸಲು ಕಲಿತರೆ ಅರ್ಧ ಕಷ್ಟ ಮುಗಿಯಿತು.

ಒಂದು ಎಚ್ಚರಿಕೆ. ಕಾರವಾರದ ದಕ್ಷಿಣಕ್ಕೆ, ಅರ್ಗಾ ಕಡೆ ನೌಕಾನೆಲೆ ಇದೆ. ಯೋಜನೆಯ ಹೆಸರೇ ಸೀಬರ್ಡ್, ಆದರೆ ಅಲ್ಲಿ ಹಕ್ಕಿಯ ನೆಪ ನಡೆಯುವುದಿಲ್ಲ. ಉದ್ದ ಲೆನ್ಸ್ ಆ ದಿಕ್ಕಿಗೆ ತಿರುಗಿಸಬೇಡಿ. ಡ್ರೋನ್ ಮನೆಯಲ್ಲೇ ಬಿಟ್ಟು ಬನ್ನಿ. ಅದನ್ನು ಕಂಡರೆ ಹಿಂಡೂ ಹೆದರುತ್ತದೆ, ಕಾವಲಿನವರೂ ಬಿಡುವುದಿಲ್ಲ.

ಮೀನುಗಾರಿಕೆ ಇರುವ ಊರೆಂದರೆ ಹೊನ್ನಾವರವೂ ಹೌದು. ಶರಾವತಿ ಅಳಿವೆ ಮತ್ತು ಕಾಸರಕೋಡದಲ್ಲಿ ಗಲ್‌ಗಳು ಸಿಗುತ್ತವೆ. ಕಾಂಡ್ಲಾ ಕಾಡಿನೊಳಗೆ ಮರದ ಹಾದಿ ಇದೆ, ಊಟಕ್ಕೆ ತೊಂದರೆಯಿಲ್ಲ. ಹಕ್ಕಿಯಷ್ಟೇ ಮುಖ್ಯವಲ್ಲದ ಪ್ರವಾಸಕ್ಕೆ ಸರಿ. ಹಿಂಡಿಗೆಂದೇ ಹೋಗುವುದಾದರೆ ನಾನು ಕುಮಟಾದಲ್ಲೇ ಇಳಿದುಬಿಡುತ್ತೇನೆ.

ಅತ್ತಿವೇರಿ: ಮಕ್ಕಳಿದ್ದರೆ ಇದು

ಮುಂಡಗೋಡ ತಾಲೂಕಿನ ಅತ್ತಿವೇರಿ ಜಲಾಶಯದ ಹಿನ್ನೀರಿನ ಪಕ್ಷಿಧಾಮ ಸುಮಾರು 2.23 ಚದರ ಕಿಲೋಮೀಟರಿನದು. ಹುಬ್ಬಳ್ಳಿ, ಸಿರ್ಸಿ ಎರಡೂ ಕಡೆಯಿಂದ ಒಂದು ದಿನದಲ್ಲಿ ಹೋಗಿಬರಬಹುದು. ಚಮಚ ಕೊಕ್ಕು, ಕೆಂಬರಲು, ನೀರುಕಾಗೆ, ಬೆಳ್ಳಕ್ಕಿ ಇಲ್ಲಿ ಹೆಚ್ಚು. ಎಲ್ಲವೂ ಹೊರದೇಶದವಲ್ಲ, ವಲಸೆ ಹಕ್ಕಿಯೇ ಬೇಕೆಂದು ಹಟ ಹಿಡಿದವರಿಗೆ ಸ್ವಲ್ಪ ನಿರಾಸೆ. ಇಲ್ಲಿ ಹಿಂಡು ಏಳುವುದು ಸಂಜೆ. ಸುತ್ತಲಿನ ಗದ್ದೆಗಳಿಂದ ಸಾಲುಸಾಲಾಗಿ ಮರಕ್ಕೆ ಮರಳುವ ಬೆಳ್ಳಕ್ಕಿ, ನೀರುಕಾಗೆಗಳು ಪ್ರತಿದಿನ ಹೆಚ್ಚುಕಮ್ಮಿ ಒಂದೇ ದಾರಿ ಹಿಡಿಯುತ್ತವೆ. ಬಿಸಿಲು ಯಾವ ಕಡೆ ಇಳಿಯುತ್ತದೆ ನೋಡಿಕೊಂಡು ಆ ದಾರಿಯ ಕೆಳಗೆ ನಿಲ್ಲುವುದಷ್ಟೇ ಕೆಲಸ. ಅರಣ್ಯ ಇಲಾಖೆಯ ಗೇಟು ಮುಚ್ಚುವ ಸಮಯ ಒಳಹೋಗುವಾಗಲೇ ಕೇಳಿ, ಒಳ್ಳೆ ಬೆಳಕಿರುವಾಗಲೇ ಸೀಟಿ ಊದಿದರೆ ಬೇಜಾರಾಗುತ್ತದೆ.

ನೆರಳಿದೆ, ಕೆಸರಿಲ್ಲ, ಅಜ್ಜಿಯೂ ಬರಬಹುದು. ಹಕ್ಕಿ ಮಾತ್ರ ದೂರ. ಇಲ್ಲಿ ಲೆನ್ಸ್ ಉದ್ದವಿದ್ದಷ್ಟೂ ಒಳ್ಳೆಯದು. ಚಿಕ್ಕ ಲೆನ್ಸಿನವರು ಸಂಜೆಯ ಬಣ್ಣದ ಮೇಲೆ ಹಾರುವ ಸಾಲನ್ನಷ್ಟೇ ತೆಗೆದು ತೃಪ್ತಿಪಡಬೇಕು.

ಜಿಲ್ಲೆ ದಾಟಿದರೆ ಮಾಗಡಿ

ಪಟ್ಟೆತಲೆ ಹೆಬ್ಬಾತು ಬೇಕೆಂದರೆ ನಮ್ಮ ಜಿಲ್ಲೆಯ ಅಭಿಮಾನ ಬದಿಗಿಡಬೇಕು. ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ, ಅಘನಾಶಿನಿಯ ಜೊತೆಗೇ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ್ದು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹೆಬ್ಬಾತುಗಳು ನವೆಂಬರಿನಿಂದ ಮಾರ್ಚಿನವರೆಗೆ ಸಾವಿರಗಟ್ಟಲೆ ಇಲ್ಲಿ ಇಳಿಯುತ್ತವೆ. ಹೊಲಕ್ಕೆ ಮೇಯಲು ಹೋಗುತ್ತವೆ, ಕೆರೆಗೆ ಮರಳುತ್ತವೆ. ಮರಳುವಾಗ ಆಕಾಶದಲ್ಲಿ ಗೆರೆ ಎಳೆದಂತೆ ಬಂದು, ಕೆರೆಯ ಮೇಲೆ ಗಿರಕಿ ಹೊಡೆದು ಇಳಿಯುತ್ತವೆ. ದೊಡ್ಡ ಹಕ್ಕಿ, ನಿಧಾನದ ಹಾರಾಟ, ಹೆಚ್ಚುಕಮ್ಮಿ ನಿಗದಿತ ವೇಳೆ. ಹೊಸಬರಿಗೆ ಫೋಕಸ್ ಸಿಗುವುದು ಇಲ್ಲೇ ಸುಲಭ. ಗೊರವಗಳ ಹಿಂದೆ ಲೆನ್ಸ್ ತಿರುಗಿಸಿ ತಲೆ ಕೆಟ್ಟವರಿಗೆ ಇದು ಔಷಧಿ.

ಸಿರ್ಸಿಯಿಂದ ಹಾವೇರಿ, ಸವಣೂರು ದಾಟಿ ಲಕ್ಷ್ಮೇಶ್ವರದ ಕಡೆ ಮೂರು ಗಂಟೆಗೆ ಕಡಿಮೆಯಿಲ್ಲ. ಬೆಳಿಗ್ಗೆ ಅಲ್ಲಿರಬೇಕೆಂದರೆ ನಡುರಾತ್ರಿ ಹೊರಡಬೇಕು, ಇಲ್ಲವೇ ಲಕ್ಷ್ಮೇಶ್ವರದಲ್ಲೋ ಗದಗಿನಲ್ಲೋ ಉಳಿಯಬೇಕು. ಬಯಲುಸೀಮೆಯ ಕೆರೆ, ಹಿಂದೆ ಗುಡ್ಡವಿಲ್ಲ, ಬಿಸಿಲು ಬೇಗ ಗಡುಸಾಗುತ್ತದೆ. ಒಂಬತ್ತೂವರೆ ಮೇಲೆ ತೆಗೆದ ನನ್ನ ಚಿತ್ರಗಳಲ್ಲಿ ಒಂದನ್ನೂ ಇಟ್ಟುಕೊಂಡಿಲ್ಲ. ಕೆರೆಗೆ ನೀರು ಎಷ್ಟು ಬಂದಿದೆ ಎಂದು ಹೊರಡುವ ಮುಂಚೆ ಅಲ್ಲಿನವರನ್ನು ಕೇಳಿ. ಮಳೆ ಕೈಕೊಟ್ಟ ವರ್ಷ ಹೆಬ್ಬಾತು ಬೇರೆ ಕೆರೆ ನೋಡಿಕೊಳ್ಳುತ್ತವೆ.

ಇಷ್ಟೆಲ್ಲ ಓದಿ "ನನಗೆ ರಜೆಯೂ ಇಲ್ಲ, ದುಡ್ಡೂ ಇಲ್ಲ" ಎನ್ನುವವರು ಕೊಯ್ಲಾದ ಗದ್ದೆಯ ಪಕ್ಕದ ಕರೆಂಟ್ ತಂತಿ ನೋಡಿ. ಬೆಳ್ಳಂಬೆಳಿಗ್ಗೆ ಕವಲುತೋಕೆಗಳು ಮಣಿ ಪೋಣಿಸಿದಂತೆ ಕುಳಿತಿರುತ್ತವೆ, ಅವೂ ವಲಸೆ ಬಂದವೇ. ಬನವಾಸಿ ಕಡೆಯ ಗದ್ದೆಗಳಲ್ಲಿ ನಾನು ಕಲಿತದ್ದೆಲ್ಲ ಇವುಗಳ ಮೇಲೇ. ಕೆಟ್ಟರೆ ಹೋಗುವುದು ಅರ್ಧ ಲೀಟರ್ ಪೆಟ್ರೋಲ್.

ಲೆನ್ಸ್ ಕೊಳ್ಳಲೋ, ತಿರುಗಲೋ?

ಒಂಟಿ ಹಕ್ಕಿಯ ಚಿತ್ರಕ್ಕೆ ಉದ್ದ ಲೆನ್ಸ್ ಬೇಕು. ಹಿಂಡಿಗೆ ಹಾಗಲ್ಲ. 600ರಲ್ಲಿ ನೋಡಿದರೆ ಹಿಂಡಿನ ಒಂದು ಮೂಲೆ ಕಾಣುತ್ತದೆ, ಉಳಿದದ್ದು ಚೌಕಟ್ಟಿನ ಹೊರಗೆ. ನನ್ನ ಒಳ್ಳೆಯ ಹಿಂಡಿನ ಚಿತ್ರಗಳಲ್ಲಿ ಹೆಚ್ಚಿನವು 200ರ ಆಸುಪಾಸಿನವು. ಹಾಗಾಗಿ ಕೈಯಲ್ಲಿ 70-300 ಇದ್ದರೆ ಈ ವರ್ಷ ಏನೂ ಕೊಳ್ಳಬೇಡಿ. ಅಘನಾಶಿನಿಗೆ ಎರಡು ಸಲ, ಕಾರವಾರಕ್ಕೆ ಒಂದು ಸಲ ಹೋಗಿಬನ್ನಿ. ಆಮೇಲೂ ಉದ್ದ ಸಾಲದು ಅನ್ನಿಸಿದರೆ 150-600 ಯೋಚಿಸಿ. ಸಿಗ್ಮಾ, ಟ್ಯಾಮ್ರಾನ್ ಎರಡರದ್ದೂ ಇದೆ, ಹೊಸದಕ್ಕೆ ಲಕ್ಷದ ಆಸುಪಾಸು ಹಿಡಿಯಿರಿ. ಅತ್ತಿವೇರಿಯೇ ನಿಮ್ಮ ಖಾಯಂ ಜಾಗವಾದರೆ ಮಾತ್ರ ಅದು ದುಡ್ಡಿಗೆ ತಕ್ಕದ್ದು. ಬಾಡಿಗೆಗೆ ತಂದು ಒಂದು ವಾರ ಕುತ್ತಿಗೆಗೆ ಹಾಕಿಕೊಂಡು ನೋಡಿ, ಭಾರ ಎಷ್ಟೆಂದು ಗೊತ್ತಾಗುತ್ತದೆ.

ನಿಕಾನ್ ಪಿ950 ಥರದ ಭಾರೀ ಜೂಮ್ ಕ್ಯಾಮೆರಾಗಳ ಬಗ್ಗೆಯೂ ಕೇಳುತ್ತಾರೆ. 83 ಪಟ್ಟು ಜೂಮ್, ಕುಳಿತ ಹಕ್ಕಿ ಯಾವುದೆಂದು ಗುರುತಿಸಲು ಅದ್ಭುತ. ಹಾರುವ ಹಿಂಡಿಗೆ ಮಾತ್ರ ಫೋಕಸ್ ಹಿಂದೆ ಬೀಳುತ್ತದೆ. ಹಕ್ಕಿಗಳ ಪಟ್ಟಿ ಬರೆಯುವವರಿಗೆ ಸರಿ, ಈ ಕೆಲಸಕ್ಕೆ ಬೇಡ.

ಸೆಟ್ಟಿಂಗ್ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಗೊರವ, ರೀವಗಳಿಗೆ ಶಟರ್ 1/2000, ಹೆಬ್ಬಾತು, ಕೊಕ್ಕರೆಗೆ 1/1000 ಸಾಕು. ಅಪರ್ಚರ್ ಎಫ್8 ಇಟ್ಟರೆ ಹಿಂಡಿನ ಮುಂದಿನವೂ ಹಿಂದಿನವೂ ತಕ್ಕಮಟ್ಟಿಗೆ ಚೊಕ್ಕ ಬರುತ್ತವೆ. ಐಎಸ್ಓ ಆಟೋ. ಬೆಳಕು ಸಾಲದ ಮುಂಜಾವಿನಲ್ಲಿ ಹಟ ಬಿಟ್ಟು 1/30ಕ್ಕೆ ಇಳಿಸಿ, ಹಿಂಡಿನ ಜೊತೆಗೇ ಕ್ಯಾಮೆರಾ ತಿರುಗಿಸಿ. ಹತ್ತರಲ್ಲಿ ಒಂಬತ್ತು ಕೆಡುತ್ತವೆ. ಉಳಿದ ಒಂದರಲ್ಲಿ ರೆಕ್ಕೆಗಳು ನೀರಿನಂತೆ ಹರಿದಿರುತ್ತವೆ.

ದುಡ್ಡು ಉಳಿದರೆ ಲೆನ್ಸಿಗಿಂತ ಮೊದಲು ಒಂದು ಮಳೆ ಕವರ್ ಕೊಳ್ಳಿ. ನನ್ನ ಹಳೆಯ ಲೆನ್ಸ್ ಸತ್ತದ್ದು ಮಳೆಯಿಂದಲ್ಲ, ಉಪ್ಪಿನಿಂದ. ಸಮುದ್ರದ ಹನಿ ಬಿದ್ದದ್ದನ್ನು ಒಣ ಬಟ್ಟೆಯಲ್ಲಿ ಉಜ್ಜಿ ಗೀರು ಮಾಡಿಕೊಂಡೆ. ರಿಪೇರಿಗೆ ಕೊಟ್ಟ ಅಂಗಡಿಯವರು ಮೂರು ತಿಂಗಳು ಇಟ್ಟುಕೊಂಡು ಹಾಗೇ ವಾಪಸ್ ಕೊಟ್ಟರು. ಈಗ ಮನೆಗೆ ಬಂದ ಕೂಡಲೇ ಸಿಹಿನೀರಲ್ಲಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾದ ಹೊರಮೈ ಒರೆಸಿ, ಆಮೇಲೆ ಒಣ ಬಟ್ಟೆ. ಕಾಫಿ ಅದಾದ ಮೇಲೆ.

ಹಾಗಾದರೆ ಯಾರಿಗೆ ಯಾವುದು?

ಹುಬ್ಬಳ್ಳಿಯವರು ಒಂದೇ ಭಾನುವಾರ ಎಂದರಲ್ಲ, ಮೊದಲು ಆ ಭಾನುವಾರದ ತಿಥಿ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಾದರೆ ಶನಿವಾರ ರಾತ್ರಿಯೇ ಕುಮಟಾಕ್ಕೆ ಇಳಿಯಿರಿ. ಸಪ್ತಮಿ, ಅಷ್ಟಮಿ, ನವಮಿಯಾದರೆ ಅಘನಾಶಿನಿ ಬಿಡಿ. ಇನ್ನೊಂದು ದಿನ ರಜೆ ಸಿಕ್ಕರೆ ಕಾರವಾರ, ಸಿಗದಿದ್ದರೆ ಮಾಗಡಿ. ಹೆಬ್ಬಾತಿಗೂ ಬಲೆಗೂ ಭರತದ ಹಂಗಿಲ್ಲ. ಮಕ್ಕಳು ಜೊತೆಗಿದ್ದರೆ ತಿಥಿಯ ಗೊಡವೆಯೇ ಬೇಡ, ಬುತ್ತಿ ಕಟ್ಟಿಕೊಂಡು ಅತ್ತಿವೇರಿಗೆ ಹೋಗಿ ಸಂಜೆಯವರೆಗೆ ಕೂರಿ. ಮೊಬೈಲ್ ಮಾತ್ರ ಇರುವವರಿಗೆ ಕಾರವಾರದ ರಂಪಣಿಯೇ. ಜನವನ್ನೂ ಹಕ್ಕಿಯನ್ನೂ ಕೂಡಿಸಿ ತೆಗೆಯುವವರಿಗೂ ಅದೇ.

ಶಿವರಾತ್ರಿ ಬರುವುದು ಅಮಾವಾಸ್ಯೆಯ ಹಿಂದಿನ ದಿನ. ನೀರಿನ ಲೆಕ್ಕದಲ್ಲಿ ಒಳ್ಳೆಯ ದಿನವೇ, ಆದರೆ ಗೋಕರ್ಣದ ದಾರಿ ಜನರಿಂದ ತುಂಬಿರುತ್ತದೆ. ಸಾಣಿಕಟ್ಟಾ, ತದಡಿ ಕಡೆ ಹೋಗುವವರು ಆ ವಾರ ಬಿಟ್ಟುಬಿಡಿ. ಎಳ್ಳಮಾವಾಸ್ಯೆಗೆ ಆ ತೊಂದರೆಯಿಲ್ಲ. ಆ ಬೆಳಿಗ್ಗೆ ಆರೂವರೆಗೆ ನಾನು ಮಿರ್ಜಾನ್ ಕಡೆಯ ದಂಡೆಯಲ್ಲಿ ಇರುತ್ತೇನೆ. ಬರುವವರು ಬನ್ನಿ, ಬಿಳಿ ಅಂಗಿ ಮಾತ್ರ ಹಾಕಿಕೊಂಡು ಬರಬೇಡಿ.